ಪ್ರಾಕ್ಟಿಕಲ್‌ಗೆ ಗಿಡ ತರುತ್ತಿದ್ದವರು

ಚಾಮರಾಜನಗರದ ಡಿಗ್ರಿ ಕಾಲೇಜಿಗೆ ನಾನು ಸಸ್ಯಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ ಮೊದಲ ವಾರ. ಲ್ಯಾಬಿನ ಅಟೆಂಡರ್ ಬಾಗಿಲ ಬಳಿ ನಿಂತು, "ಮೇಡಮ್ಮೋರೆ, ರಿಕ್ಷ ಯಾವ ವಾರಕ್ಕೆ ಬೇಕಾಯ್ತದ?" ಎಂದು ಕೇಳಿದರು. ಆಟೋ ಗೊತ್ತುಮಾಡಲು ಕೇಳುತ್ತಿದ್ದಾರೆ ಎಂದುಕೊಂಡು, "ಬೇಡಿ, ಬಸ್‌ಸ್ಟ್ಯಾಂಡಿಗೆ ನಡ್ಕೊಂಡೇ ಹೋಗ್ತೀನಿ" ಎಂದೆ. ಅವರು ನಗಲಿಲ್ಲ. ಖಾಕಿ ಅಂಗಿಯ ಜೇಬಿನಿಂದ ಮಡಿಸಿ ಮಡಿಸಿ ಹರಿದುಹೋಗಿದ್ದ ಪ್ರಾಕ್ಟಿಕಲ್ ಪಟ್ಟಿ ತೆಗೆದು, ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. ರಿಕ್ಸಿಯಾ ಎಂದಿತ್ತು.

ರಿಕ್ಸಿಯಾ ಎಂದರೆ ಒದ್ದೆ ಮಣ್ಣಿಗೆ ಅಂಟಿಕೊಂಡು ಬೆಳೆಯುವ, ಹಣೆಬೊಟ್ಟಿನಷ್ಟು ಅಗಲದ ಹಸಿರು. ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ, ಹೂವಂತೂ ಇಲ್ಲವೇ ಇಲ್ಲ. ಕೋಟಿ ಕೋಟಿ ವರ್ಷಗಳ ಹಿಂದೆ ಸಸ್ಯಗಳು ನೀರು ಬಿಟ್ಟು ನೆಲಕ್ಕೆ ಬಂದಾಗ ಹೇಗಿದ್ದಿರಬಹುದು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಲು ನಾವು ಅದನ್ನು ತೋರಿಸುತ್ತೇವೆ. ಇಂಥ ಒಣ ಸೀಮೆಯಲ್ಲಿ ಅದು ಸಿಗುತ್ತದೆಂದು ನನಗೆ ನಂಬಿಕೆ ಇರಲಿಲ್ಲ. ಆದರೆ ಮಳೆ ಶುರುವಾದ ಎರಡನೇ ವಾರ ಅವರು ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಅಂಗೈಯಗಲದ ಮಣ್ಣಿನ ಹೆಂಟೆ ಇಟ್ಟುಕೊಂಡು ಬಂದರು. ಅದರ ತುಂಬ ರಿಕ್ಸಿಯಾ. "ನಮ್ಮೂರ್ ಬಾವಿ ತಾವು, ಮೆಟ್ಲು ಪಕ್ಕದ ಬದಿನಲ್ಲಿ ಅದ. ಅಲ್ಗೆ ಬಿಸ್ಲೇ ಬೀಳಾಕಿಲ್ಲ" ಎಂದರು. ಅವರ ಊರು ಹರವೆ. ದಿನವೂ ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ವಿದ್ಯಾರ್ಥಿಗಳು ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಅಣ್ಣನಿಗೆ ಯಾವ ಗಿಡ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಕೆರೆಯ ಕೋಡಿಯಲ್ಲಿ ಹಾವಸೆ, ಹಾಳು ಕೊಳದ ಬಡಗಣ ಗೋಡೆಯ ಮೇಲೆ ಪಾಚಿ, ಪುಣಜನೂರಿನ ಆಚೆ ರಸ್ತೆ ಪಕ್ಕದ ಹಳ್ಳದಲ್ಲಿ ಜರಿಗಿಡ, ಯಾವುದೋ ಹಳೆಯ ಬಂಗಲೆಯ ಅಂಗಳದಲ್ಲಿ ತೆಂಗಿನ ಗರಿಯಂಥ ಎಲೆಯ ಸೈಕಸ್. ಪೈನ್ ಮರದ ಕಾಯಿಗೆಂದು ವರ್ಷಕ್ಕೊಮ್ಮೆ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಊಟಿ ಬಸ್ಸು ಹತ್ತುತ್ತಿದ್ದರು. ಕೈಚೀಲ ತುಂಬ ಕಾಯಿ ತಂದು ಬೆಂಚಿನ ಮೇಲೆ ಸುರಿದು, "ಚಳಿ ಕಣ್ಮಾ ಅಲ್ಲಿ, ಎಂಗಿದ್ದಾರೋ ಜನ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ, ಟ್ರೇಗಳನ್ನು ಯಾಕೆ ಯಾವಾಗಲೂ ಇದೇ ಸಾಲಿನಲ್ಲಿ ಇಡಬೇಕು ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ಅದನ್ನು ಹೇಳಿರಲಿಲ್ಲ. ನಾನು ಹೇಳಿದೆ. ಮೊದಲು ಎಲ್ಲ ನೀರಿನಲ್ಲೇ ಇತ್ತು, ನೆಲ ಬರೀ ಬಂಡೆ. ಆಮೇಲೆ ಈ ರಿಕ್ಸಿಯಾದಂಥವು, ಗೋಡೆಯ ಪಾಚಿಯಂಥವು ದಡಕ್ಕೆ ಬಂದವು. ಬಂದರೂ ಮರಿಮಾಡಲು ಅವಕ್ಕೆ ನೀರು ಬೇಕೇ ಬೇಕು. ಗಂಡಿನ ಕಣ ಹೆಣ್ಣಿನ ಹತ್ತಿರಕ್ಕೆ ಈಜಿಕೊಂಡು ಹೋಗಬೇಕು. ಜರಿಗಿಡಕ್ಕೆ ಬೇರು ಬಂತು, ಒಳಗೆ ನೀರು ಹರಿಯುವ ನಾಳ ಬಂತು, ಎತ್ತರಕ್ಕೆ ಎದ್ದಿತು. ಅದಕ್ಕೂ ಒಂದು ಹನಿಯ ಹಂಗು ತಪ್ಪಲಿಲ್ಲ. ಸೈಕಸ್, ಪೈನ್‌ಗಳ ಕಾಲಕ್ಕೆ ಬೀಜ ಬಂತು. ಹೂವು ಎಲ್ಲಕ್ಕಿಂತ ಕೊನೆಗೆ ಬಂದದ್ದು, ನಿಮ್ಮ ಹೊಲದ ಚೆಂಡುಹೂವಿನ ಕುಟುಂಬವಂತೂ ಮೊನ್ನೆ ಮೊನ್ನೆಯದು ಎಂದೆ.

ಅವರು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು. "ಅಂಗಾರೆ ಈ ರಿಕ್ಷನೇ ಬೆಳ್ದು ಬೆಳ್ದು ಚೆಂಡೂವಾಯ್ತಾ?"

"ಹಂಗಲ್ಲ ಅಣ್ಣ. ಇಬ್ಬರಿಗೂ ಮುತ್ತಜ್ಜಿ ಒಬ್ಬಳೇ. ಅವಳು ಈಗಿಲ್ಲ. ರಿಕ್ಸಿಯಾ ಅವಳ ಮನೆ ಹತ್ತಿರಾನೇ ಉಳ್ಕೊಂಡಿರೋದು, ಚೆಂಡುಹೂವು ದೂರ ಹೋಗಿರೋದು."

"ಉಳ್ಕಂಡಿರದು ಏನೂ ಕಮ್ಮಿಯಲ್ಲ ಬುಡಿ, ಇನ್ನೂ ಬದ್ಕೇ ಅದಲ್ಲ" ಎಂದು ಊಟ ಮುಂದುವರಿಸಿದರು. ಆ ದಿನದಿಂದ ಟ್ರೇ ಜೋಡಿಸುವಾಗ ವಿದ್ಯಾರ್ಥಿಗಳಿಗೆ ಅವರೇ ಅರ್ಧ ಪಾಠ ಹೇಳತೊಡಗಿದರು.

ಪಳೆಯುಳಿಕೆಯ ಪಾಠದಲ್ಲಿ ಮಾತ್ರ ಅವರಿಗೆ ಬೇಸರವಾಗಿತ್ತು. ನಮ್ಮ ಲ್ಯಾಬಿನಲ್ಲಿ ಎಲೆಯ ಅಚ್ಚಿರುವ ಒಂದೇ ಒಂದು ಕಲ್ಲಿತ್ತು, ಎಲ್ಲಿಯದೋ ಕಲ್ಲಿದ್ದಲು ಗಣಿಯದು. ಅದನ್ನು ನೋಡಿದ ಅಣ್ಣ ರಜೆಯ ದಿನವೆಲ್ಲ ಕರಿಕಲ್ಲು ಕ್ವಾರಿಗಳ ಸುತ್ತ ಅಲೆದು, ಏಳೆಂಟು ಚೂರು ಹೊತ್ತು ತಂದರು. ಒಂದರಲ್ಲಿ ಬಿಳಿ ಗೆರೆಯಿತ್ತು. "ಇದು ಬೇರಲ್ವಾ ಮೇಡಮ್ಮೋರೆ?" ಎಂದರು. ನಮ್ಮ ಸೀಮೆಯ ಕಲ್ಲು ಭೂಮಿಯ ಒಳಗಿನ ಬೆಂಕಿಯಿಂದ ಹುಟ್ಟಿದ್ದು, ಅದು ತಣಿದು ಗಟ್ಟಿಯಾದಾಗ ನೆಲದ ಮೇಲೆ ಒಂದು ಎಲೆಯೂ ಇರಲಿಲ್ಲ, ಅದರೊಳಗೆ ಹುಡುಕಿದರೆ ಏನೂ ಸಿಗುವುದಿಲ್ಲ ಎಂದು ಹೇಳಬೇಕಾಯಿತು. "ಏನಂದ್ರೆ ಏನೂ ಇಲ್ವಾ?" ಎಂದರು. ಇಲ್ಲ ಎಂದೆ. ಆ ಚೂರುಗಳನ್ನು ಅವರು ಕಿಟಕಿಯ ಪಟ್ಟಿಯ ಮೇಲೆ ಸುಮ್ಮನೆ ಇಟ್ಟರು.

ಹೀಗೆ ವರ್ಷಗಳು ಹೋದವು. ಗಿಡ ಸಿಗುವ ಜಾಗಗಳು ಒಂದೊಂದಾಗಿ ಕಡಿಮೆಯಾದವು. ಹಾಳು ಕೊಳವನ್ನು ರಿಪೇರಿ ಮಾಡಿ ಗೋಡೆಗೆ ಸಿಮೆಂಟು ಬಳಿದರು. ಪುಣಜನೂರಿನ ಹಳ್ಳಕ್ಕೆ ಇಳಿಯಲು ಅರಣ್ಯದವರು ಬಿಡಲಿಲ್ಲ. "ಒಂದ್ ಎಲೆಗೆ ಏನ್ ಸಾಮಿ ಅಂದೆ, ಒಂದ್ ಎಲೇನೂ ಮುಟ್ಟಂಗಿಲ್ಲ ಅಂದ್ಬುಟ್ರು" ಎಂದು ಬರಿಗೈಯಲ್ಲಿ ಬಂದರು. ಅರಣ್ಯದವರು ಹೇಳಿದ್ದು ತಪ್ಪೂ ಅಲ್ಲ. ಜರಿಗಿಡವನ್ನು ಬಾಟಲಿಯಲ್ಲಿ ತೋರಿಸುವಂತಾಯಿತು. ಫಾರ್ಮಲಿನ್‌ನಲ್ಲಿ ಮುಳುಗಿದ ಗಿಡ ಹಸಿರು ಕಳೆದುಕೊಂಡು ಬೆಂದ ಸೊಪ್ಪಿನಂತೆ ಇರುತ್ತದೆ. ವಿದ್ಯಾರ್ಥಿಗಳೂ ಕಡಿಮೆಯಾದರು. ಬೆಂಚು ಸಾಲದೆ ನಿಂತು ಚಿತ್ರ ಬರೆಯುತ್ತಿದ್ದ ತರಗತಿಯಲ್ಲಿ ಈಗ ಒಂದೇ ಬೆಂಚು ತುಂಬುವಷ್ಟು ಹುಡುಗಿಯರು. ಹರವೆಯ ಬಾವಿಯ ರಿಕ್ಸಿಯಾ ಮಾತ್ರ ತಪ್ಪದೆ ಬರುತ್ತಿತ್ತು.

ಅಂಥ ಒಂದು ವರ್ಷದ ಡಿಸೆಂಬರಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಮೈಸೂರಿನಿಂದ ಪರೀಕ್ಷಕರು ಬಂದಿದ್ದರು. ಸಾಲಾಗಿ ಇಟ್ಟ ಸಸ್ಯಗಳನ್ನು ನೋಡಿ ಹೆಸರು, ಗುಂಪು ಬರೆಯುವುದು ವಿದ್ಯಾರ್ಥಿಗಳ ಕೆಲಸ. ಶುರುವಾಗುವ ಮುಂಚೆ ಪರೀಕ್ಷಕರು ಒಂದೊಂದೇ ತಟ್ಟೆ ನೋಡುತ್ತ ಬಂದರು. ನಾಲ್ಕನೆಯದರ ಮುಂದೆ ನಿಂತರು. ಚಿಮಟದಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದರು.

"ಮೇಡಂ, ನಿಮ್ಮ ಕಾಲೇಜಿನಲ್ಲಿ ರಿಕ್ಸಿಯಾ ಹೂ ಬಿಡುತ್ತಾ?"

ಹತ್ತಿರ ಹೋಗಿ ನೋಡಿದೆ. ಮಣ್ಣಿನ ಮೇಲಿದ್ದದ್ದು ರಿಕ್ಸಿಯಾ ಅಲ್ಲ. ನೆಲಕ್ಕೆ ಮೆತ್ತಿಕೊಂಡು ಬೆಳೆಯುವ ಯಾವುದೋ ಕಳೆ. ಅದರ ಪುಟ್ಟ ಎಲೆಗಳ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಬಿಳಿ ಹೂವು. ಪರೀಕ್ಷಕರು ನಗುತ್ತಿದ್ದರು. "ವಿಕಾಸ ಬಹಳ ಬೇಗ ಆಗ್ಬಿಟ್ಟಿದೆ ಚಾಮರಾಜನಗರದಲ್ಲಿ" ಎಂದರು. ಹುಡುಗಿಯರು ತಲೆ ತಗ್ಗಿಸಿ ನಿಂತಿದ್ದರು.

ಅಣ್ಣ ಸಿಂಕಿನ ಹತ್ತಿರ ನಿಂತಿದ್ದರು. ನಾನು ಅಲ್ಲಿಂದಲೇ, ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ಇಷ್ಟು ವರ್ಷ ತಂದಿದ್ದೀರಿ, ರಿಕ್ಸಿಯಾ ಯಾವುದು ಕಳೆ ಯಾವುದು ಅಂತ ಗೊತ್ತಾಗಲ್ವಾ? ಕಣ್ಣು ಕಾಣಲ್ವಾ ನಿಮಗೆ?"

ಅವರು ನನ್ನ ಕಡೆ ತಿರುಗಿದರು. ನೋಟ ನನ್ನ ಮುಖದ ಮೇಲಿರಲಿಲ್ಲ, ಪಕ್ಕದ ಬೀರುವಿನ ಮೇಲಿತ್ತು. "ತಪ್ಪಾಯ್ತು ಮೇಡಮ್ಮೋರೆ" ಎಂದರು. ತಟ್ಟೆ ತೆಗೆಯಲು ಬಂದರು. ಬೆಂಚಿನ ಅಂಚನ್ನು ಕೈಯಿಂದ ಸವರುತ್ತ ಬಂದರು. ಅದನ್ನೂ ನಾನು ನೋಡಿದೆ. ನೋಡಿಯೂ ಏನೂ ಹೊಳೆಯಲಿಲ್ಲ. ಬಾಟಲಿಯಲ್ಲಿದ್ದ ಹಳೆಯ ರಿಕ್ಸಿಯಾ ಇಟ್ಟು ಪರೀಕ್ಷೆ ಮುಗಿಸಿದೆವು.

ಸಂಜೆ ಉತ್ತರ ಪತ್ರಿಕೆಗಳನ್ನು ಕಟ್ಟುತ್ತಿದ್ದಾಗ ತೆರಕಣಾಂಬಿ ಕಡೆಯಿಂದ ಬರುತ್ತಿದ್ದ ಒಬ್ಬಳು ವಿದ್ಯಾರ್ಥಿನಿ ಬಾಗಿಲಲ್ಲಿ ನಿಂತಳು. ಹೇಳಲೋ ಬೇಡವೋ ಎನ್ನುವಂತೆ ಬ್ಯಾಗಿನ ಪಟ್ಟಿ ತಿರುಚುತ್ತಿದ್ದಳು.

"ಮೇಡಂ, ಬೈಬೇಡಿ. ಅಣ್ಣಂಗೆ ನಿಜವಾಗ್ಲೂ ಕಣ್ಣು ಕಾಣಲ್ಲ."

"ಏನಂದೆ?"

"ಸಕ್ಕರೆ ಕಾಯಿಲೆ ಮೇಡಂ. ಹೋದ ವರ್ಷದಿಂದ್ಲೇ ಮಂಜು. ಲೇಬಲ್ ಎಲ್ಲಾ ನಾವೇ ಬರ್ದುಕೊಡ್ತಾ ಇದ್ವಿ. ಬಸ್ ಬೋರ್ಡೂ ಕಾಣಲ್ಲ, ಯಾರನ್ನಾದ್ರೂ ಕೇಳಿ ಹತ್ಕೋತಾರೆ. ನಿಮ್ಗೆ ಹೇಳ್ಬೇಡಿ ಅಂದಿದ್ರು."

"ಯಾಕೆ?"

"ರಿಟೈರಾಗಕ್ಕೆ ಇನ್ನೆರಡು ವರ್ಷ ಅಂತೆ. ಗೊತ್ತಾದ್ರೆ ಮನೆಗೆ ಕಳಿಸಿಬಿಡ್ತಾರೆ ಅಂತ."

ಅವಳು ಹೋದ ಮೇಲೆ ಒಂದೊಂದಾಗಿ ನೆನಪಾಯಿತು. ವರ್ಷದಿಂದ ಅವರು ಸ್ಲೈಡ್ ಪೆಟ್ಟಿಗೆ ಮುಟ್ಟಿರಲಿಲ್ಲ. ನಾನು ಒಳಗೆ ಬಂದರೆ ಮಾತಾಡುವವರೆಗೆ ತಿರುಗುತ್ತಿರಲಿಲ್ಲ. ಟ್ರೇಗಳನ್ನು ಬೆಂಚಿನ ಅಂಚು ತಡವಿ ತಡವಿ ಇಡುತ್ತಿದ್ದರು. ಹದಿನೆಂಟು ಹತ್ತೊಂಬತ್ತು ವರ್ಷದ ಮಕ್ಕಳಿಗೆ ತಿಳಿದದ್ದು, ದಿನಾ ಜೊತೆಯಲ್ಲಿದ್ದ ನನಗೆ ತಿಳಿದಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಕಲಿಸುವವಳು ನಾನು.

ಭಾನುವಾರ ಹರವೆಗೆ ಹೋದೆ. ಕ್ಷಮೆ ಕೇಳಲೆಂದೇ ಹೋದದ್ದು. ಅಣ್ಣನ ಹೆಂಡತಿ ಜಗಲಿಯ ಮೇಲೆ ಚಾಪೆ ಹಾಸಿ, "ಮೇಡಮ್ಮೋರು ನಮ್ಮನೇಗ್ ಬರದು ಅಂದ್ರೆ!" ಎಂದು ಸಂಭ್ರಮಪಟ್ಟು ಟೀ ಕಾಯಿಸಲು ಒಳಗೆ ಹೋದರು. ಅಣ್ಣ ಕಂಬಕ್ಕೆ ಒರಗಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ದನಿ ತಗ್ಗಿಸಿ ಶುರುಮಾಡಿದರು.

"ನಿಮ್ಗೆ ಮುಖಭಂಗ ಮಾಡ್ಬುಟ್ಟೆ ಮೇಡಮ್ಮೋರೆ. ಪರಸ್ಥಳದವ್ರ ಮುಂದೆ."

"ಅಣ್ಣ, ಅದು ಬಿಡಿ, ನಾನು..."

"ಇವಳ್ನೇ ಕರ್ಕಂಡು ಓಗಿದ್ರೆ ಆಯ್ತಿತ್ತು. ನಾನೇ ಬ್ಯಾಡ ಅಂದೆ. ಬೆಳ್ಳಲ್ಲಿ ಮುಟ್ಟುದ್ರೇ ಗೊತ್ತಾಯ್ತದ ಅಂದ್ಕಂಡೆ. ರಿಕ್ಷ ಮುಟ್ಟುದ್ರೆ ತಣ್ಗೆ, ಮೆತ್ಗೆ, ಕರುಗಳ ಮೂಗಿದ್ದಂಗೆ ಇರ್ತದ. ಅವತ್ತು ಇಬ್ನಿ ಬಿದ್ದಿತ್ತು, ಎಲ್ಲಾ ತಣ್ಗೇ ಇತ್ತು." ಆಮೇಲೆ ಕೇಳಿದರು: "ಯಾವ ಬಣ್ಣದ ಊವ ಅದು?"

"ಬಿಳಿ. ಬಹಳ ಚಿಕ್ಕದು."

"ಚಿಕ್ಕದಾದ್ರೇನು. ಊವ ಬುಟ್ಟ ಮೇಲೆ ಅದು ಎಲ್ಲಿ, ನಮ್ ರಿಕ್ಷ ಎಲ್ಲಿ. ನೀವೇ ಯೋಳಿದ್ರಲ್ಲ."

ಅವರ ಹೆಂಡತಿ ಟೀ ತಂದರು. ಮಾತು ಮಳೆಗೆ, ಅರಿಸಿನಕ್ಕೆ, ಬಸ್ಸಿನ ಹೊತ್ತಿಗೆ ತಿರುಗಿತು. ನಾನು ಹೇಳಲು ಹೋದದ್ದನ್ನು ಹೇಳಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದಷ್ಟೇ ಹೇಳಿ ಎದ್ದೆ.

ಮೈಸೂರಿನ ಕಣ್ಣಿನ ಆಸ್ಪತ್ರೆಗೆ ಮೂರು ಸಲ ಹೋದೆವು, ಅವರು, ಅವರ ಹೆಂಡತಿ, ನಾನು. ಡಾಕ್ಟರು ಎರಡು ವರ್ಷ ಮೊದಲು ಬರಬೇಕಿತ್ತು ಎಂದರು. ಲೇಸರ್ ಮಾಡಿದರು. ಬಲಗಣ್ಣಿನಲ್ಲಿ ಬೆಳಕು ಕತ್ತಲು ತಿಳಿಯುವಷ್ಟು ಉಳಿಯಿತು. ಎಡಗಣ್ಣು ಪೂರ್ತಿ ಹೋಗಿತ್ತು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂರಿಸಿದರೆ, "ನೀವು ಕೂತ್ಕಳಿ, ನಂಗ್ಯಾಕೆ ಕಿಟಕಿ" ಎಂದು ಎದ್ದರು. ಅವರೇ ಅರ್ಜಿ ಕೊಟ್ಟು ಕೆಲಸ ಬಿಟ್ಟರು. ಅರ್ಜಿ ಬರೆದುಕೊಟ್ಟವಳು ನಾನು. ಬೀಳ್ಕೊಡುಗೆಗೆ ಬರಲಿಲ್ಲ. ಕಾಲೇಜಿನವರು ಹಾರ ಮತ್ತು ಶಾಲನ್ನು ಒಂದು ಚೀಲಕ್ಕೆ ಹಾಕಿ ಅವರ ಊರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರು.

ಮುಂದಿನ ಮಳೆಗಾಲ ರಿಕ್ಸಿಯಾ ತರಲು ನಾನೇ ಹರವೆಗೆ ಹೋದೆ. ಅಣ್ಣ ತಾವೂ ಬರುತ್ತೇನೆಂದು ಹಟ ಹಿಡಿದರು. ಹೆಂಡತಿಯ ಹೆಗಲ ಮೇಲೆ ಕೈಯಿಟ್ಟುಕೊಂಡು ಬಾವಿಯ ಕಡೆ ನಡೆದರು. ದಾರಿಯುದ್ದಕ್ಕೂ ಮುಂದೆ ಏನು ಬರುತ್ತದೆ ಎಂದು ಹೇಳುತ್ತಿದ್ದರು: ಈಗ ಹುಣಸೆಮರ, ಈಗ ತಿರುವು, ಈಗ ಇಳಿಜಾರು. ಇಳಿಜಾರು ಬರಲಿಲ್ಲ. ಬಾವಿಯಲ್ಲಿ ನೀರು ಬತ್ತಿ ಬಹಳ ಕಾಲವಾಗಿತ್ತು. ಬೋರ್‌ವೆಲ್ ಬಂದ ಮೇಲೆ ಯಾರಿಗೂ ಅದು ಬೇಕಿರಲಿಲ್ಲ. ಬೇಸಿಗೆಯಲ್ಲಿ ಜೆಸಿಬಿ ತರಿಸಿ ಮುಚ್ಚಿದ್ದರು. ಅಣ್ಣನ ಹೆಂಡತಿಗೆ ಗೊತ್ತಿತ್ತು.

"ಯೋಳಕ್ಕೆ ಮನಸ್ಸಾಗ್ಲಿಲ್ಲ ಕಣ್ಮಾ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಅಣ್ಣ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈಗಳನ್ನು ಮಣ್ಣಿನ ಮೇಲೆ ಇಟ್ಟರು. ಹೊಸ ಮಣ್ಣು, ಜಲ್ಲಿ ಬೆರೆತದ್ದು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸವರಿದರು. "ಬಾವಿ ಎಲ್ಲದ ಅಮ್ಮಿ?" ಎಂದು ಹೆಂಡತಿಯನ್ನು ಕೇಳಿದರು. ಆಕೆ ಬಗ್ಗಿ ಅವರ ತೋಳು ಹಿಡಿದರು. "ಆಯ್ತು ಬುಡು, ಓಗನ" ಎಂದು ಎದ್ದರು. ಮನೆಗೆ ಬರುವವರೆಗೆ ಮತ್ತೆ ದಾರಿ ಹೇಳಲಿಲ್ಲ.

ಅದರ ಮಾರನೇ ವರ್ಷ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಒಬ್ಬರೂ ಸೇರಲಿಲ್ಲ. ಲ್ಯಾಬನ್ನು ಕಂಪ್ಯೂಟರ್ ಕೋಣೆ ಮಾಡಬೇಕೆಂದು ತೀರ್ಮಾನವಾಯಿತು. ಬಾಟಲಿಗಳನ್ನು ಖಾಲಿ ಮಾಡಿಸಲು ಇಬ್ಬರು ಆಳುಗಳು ಬಂದರು. ಮೊದಲು ಯಾವುದು ಎಂದು ಕೇಳಿದರು. ಯಾವುದಾದರೂ ಸರಿ ಎಂದೆ. ಫಾರ್ಮಲಿನ್ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಜರಿಗಿಡ, ಪಾಚಿ, ಪೈನ್ ಕಾಯಿ, ಯಾರೋ ಎಂದೋ ಅದ್ದಿಟ್ಟ ತಾವರೆ, ಎಲ್ಲ ಒಂದೇ ಗುಂಡಿಗೆ ಬಿದ್ದವು. ನನ್ನನ್ನು ಗುಂಡ್ಲುಪೇಟೆಯ ಕಾಲೇಜಿಗೆ ವರ್ಗ ಮಾಡಿದರು. ಅಲ್ಲಿ ನನ್ನ ವಿಷಯವೇ ಇಲ್ಲ, ಎಲ್ಲರಿಗೂ ಕಡ್ಡಾಯವಾದ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಸಸ್ಯಗಳ ಇಡೀ ಚರಿತ್ರೆ ಅದರಲ್ಲಿ ಅರ್ಧ ಪುಟ.

ಅಣ್ಣ ತೀರಿಹೋದ ಸುದ್ದಿ ಬಂದದ್ದು ಆಗಸ್ಟಿನ ಒಂದು ಬೆಳಿಗ್ಗೆ. ಆ ತೆರಕಣಾಂಬಿಯ ಹುಡುಗಿಯೇ ಫೋನ್ ಮಾಡಿದ್ದಳು. ಕಾಲಿನ ಗಾಯ ಮಾಯದೆ, ಕಿಡ್ನಿಗೂ ತಗುಲಿ, ತಿಂಗಳಿನಿಂದ ಮಲಗಿದ್ದರಂತೆ. ನನಗೆ ತಿಳಿದಿರಲಿಲ್ಲ, ನಾನು ವಿಚಾರಿಸಿಯೂ ಇರಲಿಲ್ಲ. ಸಿಕ್ಕ ಬಸ್ಸು ಹತ್ತಿದೆ. ರಸ್ತೆಯ ಎರಡೂ ಕಡೆ ಚೆಂಡುಹೂವು ಅರಳಿ ನಿಂತಿತ್ತು, ಕೇರಳದ ಕಾರುಗಳು ಅಡ್ಡಾದಿಡ್ಡಿ ನಿಂತಿದ್ದವು. ಜನ ಹೊಲಕ್ಕಿಳಿದು ಫೋಟೋ ತೆಗೆಯುತ್ತಿದ್ದರು. ಡ್ರೈವರ್ ಹಾರನ್ ಮಾಡಿ ಮಾಡಿ ಸಾಕಾಗಿ ಎಂಜಿನ್ ಆಫ್ ಮಾಡಿದ. ನಾನು ಹರವೆ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಎಲ್ಲರೂ ವಾಪಸು ಬಂದಿದ್ದರು. ಅಂಗಳದಲ್ಲಿ ಗಂಡಸರು ಕಾಲು ತೊಳೆಯುತ್ತಿದ್ದರು.

ಅಣ್ಣನ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನಿಮ್ದೇ ಗ್ಯಾನ ಕಣ್ಮಾ ಅವ್ರಿಗೆ. ಬಂದವರ್ಗೆಲ್ಲ ಯೋಳೋರು. ಆ ಕಡೇ ಪರೀಕ್ಷೆಗೆ ಮೈಸೂರಿಂದ ಸಾಯೇಬ್ರು ಬಂದಿದ್ರಂತಲ್ಲ, ಇವ್ರು ಓಗಿ ತಂದಿದ್ದ ಗಿಡ ನೋಡಿ ಬೋ ಮೆಚ್ಕಂಡ್ರಂತ. ಇಂಥ ಅಟೆಂಡ್ರು ಮೈಸೂರಲ್ಲೂ ಇಲ್ಲ ಅಂದ್ರಂತ. ನೀವೂ ಎಲ್ಲಾರ್ ಮುಂದೆ ಒಗಳಿದ್ರಂತ. ಕಣ್ಣು ಓದ್ರೂ ಬೆಳ್ಳಲ್ಲೇ ಗಿಡ ತಂದೆ ನೋಡು ಅನ್ನೋರು." ನನ್ನ ಮುಖ ನೋಡಿದರು. "ನಿಜ್ವಾ?"

ನಾನು ಹೌದು ಎಂದೆ.

"ಅಷ್ಟೇ ಸಾಕು ಬುಡಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಪಕ್ಕದ ಮನೆಯವರು ಅಡುಗೆ ಮಾಡಿ ತಂದಿದ್ದರು. ಬೇಡವೆಂದರೂ ಎಲೆ ಹಾಕಿದರು. ಉಂಡು, ಆಕೆಗೆ ಹೇಳಿ ಹೊರಟೆ. ಬಸ್ಸಿಗೆ ಇನ್ನೂ ಸಮಯವಿತ್ತು. ಸಮಾಧಿ ಎಲ್ಲಿದೆ ಎಂದು ಒಬ್ಬರನ್ನು ಕೇಳಿದೆ. ಅವರು ಹೊಲದ ಕಡೆ ಕೈ ತೋರಿಸಿ, ಕೆಸರಿದೆ, ಈಗ ಹೋಗಬೇಡಿ ಎಂದರು. ನಾನು ಹೋಗಲಿಲ್ಲ. ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಬಸ್ಸು ಬರುವವರೆಗೆ ರಸ್ತೆ ನೋಡುತ್ತಿದ್ದೆ.